ಮಗ ಗೇಮಿನ ಕಾಯಿನ್‌ಗೆ 18,400 ರೂಪಾಯಿ ಹಾಕಿದ್ದಾನೆ. ಇದು ಜುಗಾರಿಯಾ, ಶಾಪಿಂಗಾ?

ಸುರತ್ಕಲ್_ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಇದೇ ಮೊದಲು. ಮಂಡೆ ಬಿಸಿಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಗನಿಗೆ 14 ವರ್ಷ, ಒಂಬತ್ತನೇ ಕ್ಲಾಸು. ನನ್ನ ಫೋನಿನಲ್ಲಿ ಒಂದು ಶೂಟಿಂಗ್ ಗೇಮ್ ಆಡುತ್ತಾನೆ. ಫ್ರೀ ಗೇಮ್ ಅಂತ ನಾನೂ ಸುಮ್ಮನಿದ್ದೆ. ನಿನ್ನೆ ಪಾಸ್‌ಬುಕ್ ಎಂಟ್ರಿಗೆ ಹಾಕಿದೆ. ಮೆಷಿನ್ ಕರ್ ಕರ್ ಅಂತ ಪ್ರಿಂಟ್ ಮಾಡುತ್ತಲೇ ಇತ್ತು. ಪುಟ ತಿರುವಿ ಅಂತ ಎರಡು ಸಲ ಕೇಳಿತು. ಹಿಂದೆ ಕ್ಯೂನಲ್ಲಿದ್ದವರು ನನ್ನ ಮುಖ ನೋಡಲು ಶುರು ಮಾಡಿದರು. 89, 159, 89, 449, 799... ಎರಡು ತಿಂಗಳಲ್ಲಿ ಒಟ್ಟು 18,400 ರೂಪಾಯಿ ಹೋಗಿದೆ.

ಕೂರಿಸಿ ಕೇಳಿದೆ. ಗೇಮಿನ ಕಾಯಿನ್ ತಗೊಂಡದ್ದಂತೆ. ಕಾಯಿನ್ ಹಾಕಿ ಒಂದು ಚಕ್ರ ತಿರುಗಿಸಬೇಕಂತೆ. ಬಂದೂಕಿಗೆ ಡ್ರ್ಯಾಗನ್ ಡಿಸೈನ್ ಬಂದರೆ ಬಂತು, ಇಲ್ಲದಿದ್ದರೆ ಏನೋ ಟೋಪಿ, ಬ್ಯಾಗು. "ಇನ್ನು ಎರಡು ಸ್ಪಿನ್ ಮಾಡಿದ್ದರೆ ಬರುತ್ತಿತ್ತು ಅಮ್ಮ" ಅಂತ ಅಳುತ್ತಾನೆ. ಪಿನ್ ಹೇಗೆ ಗೊತ್ತಾಯಿತು ಅಂತ ಕೇಳಿದರೆ, ನಮ್ಮ ಸ್ಕೂಟರ್ ನಂಬರೇ ಅಲ್ವಾ ಅಂದ.

ಈಗ ಅವನ ಫ್ರೆಂಡಿನ ಅಣ್ಣ ಆ ಗೇಮ್ ಅಕೌಂಟನ್ನು 6,000 ರೂಪಾಯಿಗೆ ತಗೊಳ್ಳುತ್ತೇನೆ ಎಂದಿದ್ದಾನಂತೆ. ಅಷ್ಟಾದರೂ ವಾಪಸ್ ಬರಲಿ ಅಂತ ಮಗನ ವಾದ.

ದುಡ್ಡು ಹಾಕುವ ಗೇಮ್ ಎಲ್ಲ ಬ್ಯಾನ್ ಆಗಿದೆ ಅಂತ ಪೇಪರಿನಲ್ಲಿ ಓದಿದ್ದೆ. ಹಾಗಾದರೆ ಇದು ಹೇಗೆ ನಡೆಯುತ್ತಿದೆ? ದುಡ್ಡು ವಾಪಸ್ ಸಿಗುತ್ತದಾ? ಅಕೌಂಟ್ ಮಾರಬಹುದಾ? ಯಜಮಾನರು ಸೌದಿಯ ದಮ್ಮಾಮಿನಲ್ಲಿದ್ದಾರೆ, ಅವರಿಗೆ ಇನ್ನೂ ಹೇಳಿಲ್ಲ.

ಬೊಂಡ_ಶರ್ಬತ್

ಮೊದಲು ಪಿನ್ ಬದಲಿಸಿ ಅಕ್ಕ. ಉಳಿದದ್ದು ಆಮೇಲೆ.

ರಥಬೀದಿ_ಮಾಮ

ಜುಗಾರಿಯೇ. ಇದರಲ್ಲಿ ಸಂಶಯ ಎಂತದ್ದು? ನಮ್ಮ ಸಣ್ಣ ಪ್ರಾಯದಲ್ಲಿ ಜಾತ್ರೆಯಲ್ಲಿ ಗರಗರ ಮಂಡಲ ಅಂತ ಆಡಿಸುತ್ತಿದ್ದರು. ಗ್ಯಾಸ್‌ಲೈಟಿನ ಕೆಳಗೆ ಒಂದು ಬಟ್ಟೆ ಹಾಸಿ ಕೂತಿರುತ್ತಿದ್ದರು. ಅಪ್ಪ ಚುರುಮುರಿಗೆ ಕೊಟ್ಟ ನಾಲ್ಕಾಣೆ ನಾನು ಅಲ್ಲಿ ಇಟ್ಟೆ, ಹೋಯಿತು. ಮನೆಗೆ ಬಂದು ಚುರುಮುರಿ ಚೆನ್ನಾಗಿತ್ತು ಅಂತ ಸುಳ್ಳು ಹೇಳಿದ್ದು ಈಗಲೂ ನೆನಪುಂಟು. ಆ ಬಟ್ಟೆಯ ಜಾಗಕ್ಕೆ ಮೊಬೈಲ್ ಬಂದಿದೆ, ಅಷ್ಟೇ.

ಮಣಿಪಾಲ್_ಲ್ಯಾಗ್

ಮಾಮ, ಗರಗರ ಮಂಡಲದಲ್ಲಿ ಗೆದ್ದರೆ ದುಡ್ಡು ಸಿಗುತ್ತಿತ್ತು. ಇಲ್ಲಿ ಗೆದ್ದರೂ ಬಂದೂಕಿನ ಬಣ್ಣ ಮಾತ್ರ. ಆ ಬಣ್ಣದಿಂದ ಗುಂಡು ಜೋರಾಗಿ ಹೋಗುವುದೂ ಇಲ್ಲ. ಸುಮ್ನೆ ಶೋಕಿ. ಇದು ಅಂಗಡಿ, ಜುಗಾರಿ ಅಲ್ಲ.

ರಥಬೀದಿ_ಮಾಮ

ಹಾಗಾದರೆ ಇನ್ನೂ ಕಡೆ ಆಯಿತಲ್ಲ ಮಾರಾಯ. ಗೆದ್ದರೂ ಸೋತ ಹಾಗೆ.

ಪಡುಬಿದ್ರಿ_ಎಕ್ಸ್‌ಪ್ರೆಸ್

1867ರ ಬ್ರಿಟಿಷ್ ಕಾನೂನು ಉಂಟಲ್ಲ, ಜೂಜಿನದ್ದು. ಅದರಲ್ಲಿ ಕೇಸ್ ಹಾಕಿ ಅಕ್ಕ. ಪೊಲೀಸರು ಕಂಪನಿಯವರನ್ನು ಎತ್ತಿಕೊಂಡು ಬರಲಿ.

ಕರಂಗಲ್ಪಾಡಿ_ಕಪ್ಪುಕೋಟು

ಆ 1867ರ ಕಾಯ್ದೆ ನಮ್ಮಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ನಡೆಯುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಪೇಪರಿನಲ್ಲಿ "ಉಲಾಯಿ ಪಿದಾಯಿ ಆಡುತ್ತಿದ್ದ ಐವರ ಸೆರೆ" ಅಂತ ಇಸ್ಪೀಟ್ ಜೂಜಿನ ಸುದ್ದಿ ಬರುತ್ತದಲ್ಲ, ಅದೆಲ್ಲ ಇದರಡಿ ಹಾಕುವ ಕೇಸು. ಅಕ್ಕನ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ, ಚಾ ಇಟ್ಟುಕೊಂಡು ಓದಿ.

ಕೌಶಲದ ಆಟ ಆದರೆ ಜುಗಾರಿ ಅಲ್ಲ, ಅದೃಷ್ಟದ ಆಟ ಆದರೆ ಜುಗಾರಿ. ಇದು ಹಳೆ ಲೆಕ್ಕ. 1957ರ ಚಮರ್‌ಬಾಗ್‌ವಾಲಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆಯಿತು. 1968ರಲ್ಲಿ ರಮ್ಮಿಯನ್ನು ಕೌಶಲದ ಕಡೆಗೆ ಹಾಕಿತು, 1996ರಲ್ಲಿ ಕುದುರೆ ರೇಸನ್ನೂ ಆ ಕಡೆಗೇ ಹಾಕಿತು. ಆನ್‌ಲೈನ್ ರಮ್ಮಿಯವರು ಇಷ್ಟು ವರ್ಷ ಬದುಕಿದ್ದು ಇದೇ ಮಾತಿನ ಮೇಲೆ. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ದುಡ್ಡಿನ ಆನ್‌ಲೈನ್ ಆಟ ನಿಷೇಧ ಮಾಡಿತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗ ರದ್ದು ಮಾಡಿತು. ಕೌಶಲದ ಆಟವನ್ನೂ ಯಾಕೆ ಸೇರಿಸಿದಿರಿ ಎನ್ನುವುದೇ ದೊಡ್ಡ ಆಕ್ಷೇಪ.

2025ರ ಆಗಸ್ಟಿನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಸಹಿ. ಮೂರೇ ದಿನ. ಇದು ಆ ಹಳೆ ಗೆರೆಯನ್ನೇ ಅಳಿಸಿಬಿಟ್ಟಿತು. ಕೌಶಲವೋ ಅದೃಷ್ಟವೋ ಕೇಳುವುದೇ ಇಲ್ಲ. ದುಡ್ಡು ಕಟ್ಟಿ, ಗೆದ್ದರೆ ದುಡ್ಡೋ ಬೇರೆ ಲಾಭವೋ ಬರುತ್ತದೆ ಅಂತ ಆಡಿದರೆ ಹಣದ ಆಟ. ಅದಕ್ಕೆ ನಿಷೇಧ.

ಕಾಯಿನ್ ಅಂತ ಹೆಸರಿಟ್ಟು ತಪ್ಪಿಸಿಕೊಳ್ಳಬಹುದಾ? ಆಗುವುದಿಲ್ಲ. ಕ್ರೆಡಿಟ್, ಕಾಯಿನ್, ಟೋಕನ್, ವಸ್ತು, ಹೆಸರು ಏನೇ ಇರಲಿ, ನಿಜದ್ದಾಗಲಿ ವರ್ಚುವಲ್ ಆಗಲಿ, ದುಡ್ಡು ಕೊಟ್ಟು ತಗೊಂಡದ್ದು ದುಡ್ಡಿಗೆ ಸಮ ಅಥವಾ ದುಡ್ಡಾಗಿ ಬದಲಾಗುತ್ತದೆ ಅಂತಾದರೆ ಅದೂ ಪಣವೇ ಅಂತ ಕಾಯ್ದೆಯಲ್ಲೇ ಬರೆದಿದ್ದಾರೆ.

ಆದರೆ ಅದೇ ಕಾಯ್ದೆಯಲ್ಲಿ "ಸಾಮಾಜಿಕ ಆಟ" ಅಂತ ಇನ್ನೊಂದು ಬಾಗಿಲು ಉಂಟು. ಆಡಲು ಫೀಸ್ ಅಥವಾ ಚಂದಾ ತಗೊಳ್ಳಬಹುದು, ಪಣ ಇರಬಾರದು, ಗೆದ್ದು ದುಡ್ಡು ಮಾಡುವ ಆಸೆ ಇರಬಾರದು. ನಿಮ್ಮ ಮಗನ ಗೇಮಿನವರು ನಿಂತಿರುವುದು ಈ ಬಾಗಿಲಲ್ಲಿ. ಕಾಯಿನ್ ಒಳಗೆ ಹೋಗುತ್ತದೆ, ದುಡ್ಡಾಗಿ ಹೊರಗೆ ಬರುವುದಿಲ್ಲ. ಹಾಗಾಗಿ ನಮ್ಮದು ಹಣದ ಆಟ ಅಲ್ಲ ಅಂತ ಅವರ ವಾದ.

ಪಡುಬಿದ್ರಿ_ಎಕ್ಸ್‌ಪ್ರೆಸ್

1867 ತಪ್ಪಾಯಿತು, ಒಪ್ಪಿದೆ. ಆದರೆ ಅದೇ ಅಕೌಂಟು ಫ್ರೆಂಡಿನ ಅಣ್ಣನಿಗೆ 6,000ಕ್ಕೆ ಹೋಗುತ್ತಿದೆಯಲ್ಲ ಸರ್. ಆಗ ದುಡ್ಡಾಗಿ ಹೊರಗೆ ಬಂತಲ್ಲ?

ಕರಂಗಲ್ಪಾಡಿ_ಕಪ್ಪುಕೋಟು

ಪಾಯಿಂಟ್ ಹಿಡಿದಿರಿ. ಕಂಪನಿಯೇ ಕಾಯಿನ್ ವಾಪಸ್ ತಗೊಂಡು ದುಡ್ಡು ಕೊಟ್ಟರೆ ಮಾತೇ ಇಲ್ಲ, ಹಣದ ಆಟ. ಕಂಪನಿ ಬೇಡ ಎಂದರೂ ಹೊರಗೆ ಯಾರೋ ಇಬ್ಬರು ಮಾರಾಟ ಮಾಡಿಕೊಂಡರೆ? ನಮ್ಮ ನಿಯಮದಲ್ಲೇ ಮಾರಾಟ ನಿಷೇಧ ಅಂತ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಎದುರು ಪಾರ್ಟಿ, ಮಾರುಕಟ್ಟೆ ಉಂಟು ಅಂತ ನಿಮಗೆ ಗೊತ್ತಿದ್ದೇ ಚಕ್ರ ಇಟ್ಟಿದ್ದೀರಿ ಎನ್ನಬಹುದು. ನಾನಾದರೆ ಎರಡೂ ಕಡೆಗೆ ವಾದ ಮಾಡಬಲ್ಲೆ, ಫೀಸ್ ನೋಡಿಕೊಂಡು.

ಇನ್ನೊಂದು, ಈ ಕಾಯ್ದೆಯಲ್ಲಿ ಆಡಿದವರಿಗೆ ಶಿಕ್ಷೆ ಇಲ್ಲ. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದರೆ 2 ವರ್ಷ, 50 ಲಕ್ಷದವರೆಗೆ. ಮಗನನ್ನು ಪೊಲೀಸ್ ಹಿಡಿಯುತ್ತಾರೆ ಅಂತ ಹೆದರಬೇಡಿ ಅಕ್ಕ.

ಹಳೆಯಂಗಡಿ_ಹುಡುಗ

ರಮ್ಮಿ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನಾನು ಎರಡು ವರ್ಷದಲ್ಲಿ 2 ಲಕ್ಷದ 30 ಸಾವಿರ ಕಳಕೊಂಡವನು. ಶುರುವಿಗೆ 50 ರೂಪಾಯಿ ಬೋನಸ್ ಕೊಟ್ಟರು. ಮೊದಲ ವಾರ 1,800 ಗೆದ್ದೆ, ಮನೆಗೆ ಅಂಜಲ್ ಮೀನು ತಂದೆ. ಅಮ್ಮ ಖುಷಿಯಾಗಿ ಓವರ್‌ಟೈಮ್ ಉಂಟಾ ಅಂತ ಕೇಳಿದಳು. ಆ ಮೀನಿನ ರೇಟು 2 ಲಕ್ಷದ 30 ಸಾವಿರ ಅಂತ ಇಟ್ಟುಕೊಳ್ಳಿ.

ರಾತ್ರಿ ಎರಡು ಗಂಟೆಗೆ ಸೋತು ಮಲಗಿದರೆ, ಹತ್ತು ನಿಮಿಷಕ್ಕೆ ಮೆಸೇಜ್ ಬರುತ್ತಿತ್ತು, ನಿಮಗಾಗಿ ವಿಶೇಷ ಬೋನಸ್ ಅಂತ. ಸೋತವನಿಗೆ ನಿದ್ರೆ ಬರುವುದಿಲ್ಲ ಅಂತ ಅವರಿಗೆ ಗೊತ್ತು. ಕೌಶಲದ ಆಟ ಅಂತ ಯಾವ ಕೋರ್ಟ್ ಬೇಕಾದರೂ ಹೇಳಲಿ, ನನ್ನ ಕೌಶಲ ಹೆಚ್ಚಿದ್ದು ಸುಳ್ಳು ಹೇಳುವುದರಲ್ಲಿ ಮಾತ್ರ.

ಕಾಯ್ದೆ ಬಂದ ಕೆಲವೇ ದಿನದಲ್ಲಿ ಆಪ್ ದುಡ್ಡಿನ ಟೇಬಲ್ ತೆಗೆದುಬಿಟ್ಟಿತು. ವ್ಯಾಲೆಟ್ಟಿನಲ್ಲಿ ಉಳಿದ 340 ರೂಪಾಯಿ ವಾಪಸ್ ಬಂತು. ನನಗೆ ಒಳ್ಳೆಯದೇ ಆಯಿತು.

ಕಾಪು_ಲೈಟ್‌ಹೌಸ್

ಎಲ್ಲಿ ನಿಂತಿತು ಮಾರಾಯ್ರೆ? ಹೊರದೇಶದ ಆಪ್‌ಗಳ ಲಿಂಕು ಈಗ ಮೆಸೇಜಿನಲ್ಲಿ ಬರುತ್ತದೆ. ಮೊದಲು ತೆರಿಗೆಯಾದರೂ ಸರ್ಕಾರಕ್ಕೆ ಹೋಗುತ್ತಿತ್ತು. ಬ್ಯಾನ್ ಮಾಡಿದರೆ ಕಳ್ಳದಾರಿ ಹುಟ್ಟುತ್ತದೆ. ಮಟ್ಕಾ ನಿಂತಿತಾ? ಕೋಳಿ ಅಂಕ ನಿಂತಿತಾ?

ಬೊಂಡ_ಶರ್ಬತ್

ಕೋಳಿ ಅಂಕವನ್ನು ಇಲ್ಲಿಗೆ ಯಾಕೆ ತರುತ್ತೀರಿ? ಅದು ನಮ್ಮ ಸಂಪ್ರದಾಯ.

ಕಾಪು_ಲೈಟ್‌ಹೌಸ್

ಸಂಪ್ರದಾಯ ಸರಿ. ಕೋಳಿಯ ಹಿಂದೆ ನಿಂತು ನೋಟು ಎಣಿಸುವವರು ಯಾವ ಸಂಪ್ರದಾಯ?

ಬೊಂಡ_ಶರ್ಬತ್

ನಿಮಗೆ ಕೋಳಿ ಗೊತ್ತಿಲ್ಲ. ಬಣ್ಣ, ವಾರ, ಪಂಚಾಂಗ ಎಲ್ಲ ನೋಡಿ ಬಿಡುವುದು. ಅದೂ ಕೌಶಲದ ಆಟವೇ.

ರಥಬೀದಿ_ಮಾಮ

ಕೌಶಲ ಕೋಳಿಯದ್ದು, ಅದರ ಕಾಲಿಗೆ ಕಟ್ಟಿದ ಕತ್ತಿಯದ್ದು. ನಿಮ್ಮದು ಎಂತ?

ಅಡ್ಮಿನ್

ಕೋಳಿಗೆ ಬೇರೆ ಥ್ರೆಡ್ ಉಂಟು, ಅಲ್ಲಿಗೆ ಹೋಗಿ. ಇಲ್ಲಿ ಅಕ್ಕನಿಗೆ ಉತ್ತರ ಕೊಡಿ.

ಬೋಳೂರು_ಬಗ್‌ಫಿಕ್ಸ್

ನಾನು ಬೆಂಗಳೂರಿನಲ್ಲಿ ಮೂರು ವರ್ಷ ಗೇಮ್ ಕಂಪನಿಯಲ್ಲಿ ಕೆಲಸ ಮಾಡಿದವನು, ಈಗ ಬಿಟ್ಟು ಊರಿಗೆ ಬಂದಿದ್ದೇನೆ. ಮಣಿಪಾಲದ ತಮ್ಮ "ಅಂಗಡಿ" ಎಂದದ್ದಕ್ಕೆ ಸ್ವಲ್ಪ ಹೇಳಬೇಕು.

ಅಂಗಡಿಯಲ್ಲಿ ಬಿಸ್ಕತ್ತಿಗೆ 10 ರೂಪಾಯಿ ಆದರೆ 10 ರೂಪಾಯಿ. ಇಲ್ಲಿ ಹಾಗಲ್ಲ. ಒಂದು ಸ್ಪಿನ್‌ಗೆ 60 ಕಾಯಿನ್ ಇಡುತ್ತೇವೆ, ಪ್ಯಾಕ್ 100 ಕಾಯಿನ್‌ದು ಮಾರುತ್ತೇವೆ. ಒಂದು ಸ್ಪಿನ್ ಆದ ಮೇಲೆ 40 ಉಳಿಯುತ್ತದೆ. ಸುಮ್ಮನೆ ಬಿಡಲು ಮನಸ್ಸಾಗುವುದಿಲ್ಲ. ಇನ್ನೊಂದು ಪ್ಯಾಕ್ ತಗೊಂಡರೆ 140, ಎರಡು ಸ್ಪಿನ್, 20 ಉಳಿಯಿತು. ಸುಲಭಕ್ಕೆ ಪೂರ್ತಿ ಸೊನ್ನೆಗೆ ಬರದ ಹಾಗೆ ಲೆಕ್ಕ ಹಾಕಿಯೇ ಇಡುವುದು. ರೂಪಾಯಿಯನ್ನು ಕಾಯಿನ್ ಮಾಡುವುದೂ ಅದಕ್ಕೇ. 300 ಕಾಯಿನ್ ಹೋಯಿತು ಅಂದರೆ ಯಾರಿಗೂ ನೋವಾಗುವುದಿಲ್ಲ. 300 ರೂಪಾಯಿ ಅಂದರೆ ಕೈ ತಡೆಯುತ್ತದೆ.

ಚಕ್ರ ನಿಜವಾದ ಚಕ್ರ ಅಲ್ಲ. ಬಟನ್ ಒತ್ತಿದ ಕ್ಷಣಕ್ಕೆ ಸರ್ವರಿನಲ್ಲಿ ಉತ್ತರ ನಿರ್ಧಾರ ಆಗಿರುತ್ತದೆ. ಆಮೇಲೆ ತಿರುಗುವುದೆಲ್ಲ ಸಿನಿಮಾ. ಮುಳ್ಳು ಡ್ರ್ಯಾಗನ್ ದಾಟಿ ಒಂದು ಮನೆ ಮುಂದೆ ನಿಂತಿತು ಅಂದರೆ, ಹಾಗೆ ನಿಲ್ಲುವ ಹಾಗೆ ಯಾರೋ ಕೂತು ಬರೆದಿದ್ದಾರೆ. "ಇನ್ನು ಎರಡು ಸ್ಪಿನ್" ಅಂತ ನಿಮ್ಮ ಮಗ ಹೇಳಿದ್ದು ಅವನ ಮಾತಲ್ಲ ಅಕ್ಕ, ನಮ್ಮಂಥವರು ಅವನ ಬಾಯಿಗೆ ಹಾಕಿದ ಮಾತು.

ಬೇರೆ ದೇಶದವರು ಇದನ್ನು ನೋಡಿದ್ದಾರೆ. ಜಪಾನ್ 2012ರಲ್ಲೇ, ಇಷ್ಟು ಚೀಟಿ ಸೆಟ್ ಆದರೆ ದೊಡ್ಡ ಬಹುಮಾನ ಎನ್ನುವ ಒಂದು ಬಗೆಯನ್ನು ನಿಲ್ಲಿಸಿತು. ಚೀನಾ 2017ರಿಂದ ಯಾವುದು ಎಷ್ಟು ಸಲ ಬರುತ್ತದೆ ಅಂತ ಹೇಳಲೇಬೇಕು ಎಂದಿತು. 2019ರಲ್ಲಿ ಮಕ್ಕಳ ಖರ್ಚಿಗೆ ತಿಂಗಳ ಮಿತಿ ಹಾಕಿತು, 8ರಿಂದ 16ರ ಒಳಗಿನವರಿಗೆ 200 ಯುವಾನ್. ದುಡ್ಡು ಕೊಟ್ಟು ತೆರೆಯುವ, ಒಳಗೆ ಏನು ಬರುತ್ತದೆ ಅಂತ ಗೊತ್ತಿಲ್ಲದ ಪೆಟ್ಟಿಗೆಗಳೂ (ಲೂಟ್ ಬಾಕ್ಸ್) ಗೇಮಿನಲ್ಲಿ ಉಂಟು; ಬೆಲ್ಜಿಯಂನಲ್ಲಿ 2018ರಲ್ಲಿ ಅವು ಜೂಜೇ ಎಂದರು, ಕೆಲವು ಕಂಪನಿಗಳು ಅಲ್ಲಿ ತೆಗೆದುಬಿಟ್ಟವು. ಪಕ್ಕದ ನೆದರ್‌ಲ್ಯಾಂಡ್ಸ್‌ನಲ್ಲಿ ದಂಡ ಹಾಕಿದರು, 2022ರಲ್ಲಿ ಕೋರ್ಟ್ ದಂಡ ತೆಗೆಯಿತು. ಒಂದೇ ಗೇಮ್, ಗಡಿ ದಾಟಿದರೆ ಬೇರೆ ಹೆಸರು.

ಮಣಿಪಾಲ್_ಲ್ಯಾಗ್

ಅಣ್ಣ, 60-100 ಲೆಕ್ಕ ಓದಿ ನನ್ನ ಅಕೌಂಟ್ ತೆಗೆದು ನೋಡಿದೆ. 35 ಕಾಯಿನ್ ಉಳಿದಿದೆ. ಒಂದು ವರ್ಷದಿಂದ.

ಇನ್ನೊಂದು ಡೌಟು. ನಮ್ಮ ಹಾಸ್ಟೆಲಿನಲ್ಲಿ ಟೂರ್ನಮೆಂಟ್ ಮಾಡುತ್ತೇವೆ. ತಲೆಗೆ 100 ಎಂಟ್ರಿ, ಗೆದ್ದ ಟೀಮಿಗೆ ಬಂದ ದುಡ್ಡೆಲ್ಲ. ಇ-ಸ್ಪೋರ್ಟ್ಸ್‌ಗೆ ಸರ್ಕಾರವೇ ಪ್ರೋತ್ಸಾಹ ಎಂದಿದೆಯಲ್ಲ?

ಕರಂಗಲ್ಪಾಡಿ_ಕಪ್ಪುಕೋಟು

ಪ್ರೋತ್ಸಾಹ ಹೌದು, ಆದರೆ ಹಾಸ್ಟೆಲ್ ರೂಮಿನಲ್ಲಿ ಆಡಿದ್ದೆಲ್ಲ ಇ-ಸ್ಪೋರ್ಟ್ಸ್ ಆಗುವುದಿಲ್ಲ. ಅದಕ್ಕೆ ಮಾನ್ಯತೆ ಬೇಕು, ನೋಂದಣಿ ಬೇಕು. ಪ್ರವೇಶ ಫೀಸ್ ತಗೊಳ್ಳಬಹುದು, ಅದು ಸ್ಪರ್ಧೆಗೆ ಸೇರಲು ಮತ್ತು ನಡೆಸುವ ಖರ್ಚಿಗೆ. ಬಹುಮಾನವೂ ಕೊಡಬಹುದು. ಆದರೆ ಎಲ್ಲರಿಂದ ದುಡ್ಡು ಒಟ್ಟು ಮಾಡಿ ಗೆದ್ದವನಿಗೆ ಕೊಡುವುದು ಪಣದ ಹಾಗೇ ಕಾಣುತ್ತದೆ. ಸ್ಪಾನ್ಸರ್ ಹುಡುಕಿ, ಎಂಟ್ರಿ ಫ್ರೀ ಮಾಡಿ, ಬಹುಮಾನ ಕೊಡಿ. ತಲೆನೋವಿಲ್ಲ.

ನೀರುದೋಸೆ_ಪಾರ್ಟಿ

ಸರ್, ಹಾಗೇ ಒಂದು. ಮ್ಯಾಚ್ ಬೆಟ್‌ನಲ್ಲಿ ದೋಸ್ತಿ ನನಗೆ 5,000 ಕೊಡಬೇಕು. ಕೊಡುತ್ತಿಲ್ಲ. ನೋಟಿಸ್ ಕಳಿಸಬಹುದಾ?

ಕರಂಗಲ್ಪಾಡಿ_ಕಪ್ಪುಕೋಟು

1872ರ ಕರಾರು ಕಾಯ್ದೆ, 30ನೇ ಕಲಂ. ಬಾಜಿಯ ಕರಾರಿಗೆ ಬೆಲೆ ಇಲ್ಲ, ಕೋರ್ಟಿನಲ್ಲಿ ವಸೂಲಿ ಆಗುವುದಿಲ್ಲ. ನೋಟಿಸ್ ಕಳಿಸಿದರೆ ನೀವೇ ಬೆಟ್ ಕಟ್ಟಿದ್ದಕ್ಕೆ ಸಾಕ್ಷಿ ಬರೆದುಕೊಟ್ಟ ಹಾಗೆ.

ನೀರುದೋಸೆ_ಪಾರ್ಟಿ

ಛೆ.

ಬಿಜೈ_ಬ್ಯಾಲೆನ್ಸ್‌ಶೀಟ್

ಮೊದಲು ತೆರಿಗೆ ಹೋಗುತ್ತಿತ್ತು ಎಂದರಲ್ಲ, ಅದರ ಕಥೆ ಕೇಳಿ. ಆನ್‌ಲೈನ್ ಗೇಮಿನಲ್ಲಿ ಗೆದ್ದ ನಿವ್ವಳ ಮೊತ್ತಕ್ಕೆ 2023ರ ಏಪ್ರಿಲ್‌ನಿಂದ 30 ಪರ್ಸೆಂಟ್ ಟಿಡಿಎಸ್. ಅದೇ ವರ್ಷ ಅಕ್ಟೋಬರ್ 1ರಿಂದ ಹಾಕಿದ ಪೂರ್ತಿ ದುಡ್ಡಿನ ಮೇಲೆ 28 ಪರ್ಸೆಂಟ್ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ಕ್ಕೆ ಅದು 40 ಆಯಿತು. ನೋಡಿ, ಆಗಸ್ಟಿನಲ್ಲಿ ಆಟ ನಿಷೇಧ, ಸೆಪ್ಟೆಂಬರ್‌ನಲ್ಲಿ ಆಟಕ್ಕೆ ತೆರಿಗೆ ಏರಿಕೆ. ಆ ದರದಲ್ಲಿ ಕ್ಯಾಸಿನೋ, ಕುದುರೆ ರೇಸು ಎಲ್ಲ ಒಟ್ಟಿಗೇ ಬರುತ್ತದೆ, ಅದು ಬೇರೆ ಮಾತು.

ಒಬ್ಬ ಕ್ಲೈಂಟ್ ಕೇಳಿದ್ದರು, ಗೇಮಿನ ಕಾಯಿನ್ ಕ್ರಿಪ್ಟೋ ಹಾಗೆಯಾ ಅಂತ. ಕ್ರಿಪ್ಟೋ ನಮ್ಮಲ್ಲಿ ನಿಷೇಧ ಅಲ್ಲ. ಬ್ಯಾಂಕುಗಳು ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ಕೊಡಬಾರದು ಎನ್ನುವ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ಆದರೆ 2022ರ ಏಪ್ರಿಲ್‌ನಿಂದ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ನಷ್ಟ ಬೇರೆ ಆದಾಯದಲ್ಲಿ ಕಳೆಯುವ ಹಾಗಿಲ್ಲ. ತೆರಿಗೆ ಕಾಯ್ದೆಯಲ್ಲಿ ಕ್ರಿಪ್ಟೋಗೆ ಇಟ್ಟ ಹೆಸರು "ವರ್ಚುವಲ್ ಡಿಜಿಟಲ್ ಆಸ್ತಿ". ಅದರ ಅರ್ಥ ಎಷ್ಟು ಅಗಲ ಮಾಡಿದರೆಂದರೆ, ಗಿಫ್ಟ್ ಕಾರ್ಡು, ರಿವಾರ್ಡ್ ಪಾಯಿಂಟು ಇದರಲ್ಲಿ ಬರುವುದಿಲ್ಲ ಅಂತ ಬೇರೆ ಅಧಿಸೂಚನೆ ಹೊರಡಿಸಬೇಕಾಯಿತು. ಆ ಪಟ್ಟಿಯಲ್ಲಿ ಗೇಮಿನ ಕಾಯಿನ್ ಹೆಸರಿಲ್ಲ. ಕ್ರಿಪ್ಟೋ ಹಾಗಿನ ಬ್ಲಾಕ್‌ಚೈನ್ ಟೋಕನ್ ಕೊಡುವ ಗೇಮ್ ಆದರೆ ಜೋಪಾನ.

ಕಾಪು_ಲೈಟ್‌ಹೌಸ್

ಗೋವಾದಲ್ಲಿ ಹಡಗು ಹತ್ತಿ ಆಡಿದರೆ ಲೈಸೆನ್ಸ್ ಉಂಟು, ಊಟವೂ ಉಂಟು. ಮನೆಯಲ್ಲಿ ಕೂತು ಆಡಿದರೆ ನಿಷೇಧ. ಇದೇ ನ್ಯಾಯ.

ಬಂಟ್ವಾಳ_ಬಸ್‌ಸ್ಟ್ಯಾಂಡ್

ನಮ್ಮ ಕಡೆ ಲಕ್ಕಿ ಸ್ಕೀಮ್ ಯಾರೂ ಮರೆತಿಲ್ಲ ತಾನೇ? ತಿಂಗಳಿಗೆ 1,000 ಕಟ್ಟಿ, ಕಾರು ಗೆಲ್ಲಿ, ಗೆಲ್ಲದಿದ್ದರೆ ಕೊನೆಗೆ ಮಂಚ, ಕಪಾಟು. ನಮ್ಮ ಚಿಕ್ಕಮ್ಮ ಹನ್ನೊಂದು ಕಂತು ಕಟ್ಟಿದ ಮೇಲೆ ಆಫೀಸಿಗೆ ಬೀಗ. 1978ರಿಂದಲೇ ಬಹುಮಾನದ ಚೀಟಿ ನಿಷೇಧದ ಕಾಯ್ದೆ ಉಂಟಂತೆ. ಕಾಯ್ದೆ ಇದ್ದದ್ದು ಚಿಕ್ಕಮ್ಮನಿಗೆ ಗೊತ್ತಾದದ್ದು ಠಾಣೆಯಲ್ಲಿ ಕಂಪ್ಲೇಂಟ್ ಬರೆಯುವಾಗ.

ಬೋಳೂರು_ಬಗ್‌ಫಿಕ್ಸ್

ಅಕ್ಕ, ರೀಫಂಡ್ ವಿಷಯ ಯಾರೂ ಹೇಳಿಲ್ಲ. ಆಂಡ್ರಾಯ್ಡ್ ಫೋನಾದರೆ, 48 ಗಂಟೆಯೊಳಗಿನ ಖರೀದಿಗೆ ಗೂಗಲ್ ಪ್ಲೇಯಲ್ಲೇ ಕೇಳಬಹುದು. ಅದು ದಾಟಿದ್ದಕ್ಕೆ ಗೇಮ್ ಕಂಪನಿಗೆ ಬರೆಯಿರಿ. ನಮಗೆ ಗೊತ್ತಿಲ್ಲದೆ ಆದ ಪಾವತಿ ಅಂತ ತಿಳಿಸಲು ಬೇರೆ ಫಾರ್ಮ್ ಉಂಟು, ಅದಕ್ಕೆ 120 ದಿನದ ಗಡುವು. ಆದರೆ ಮಗ ಮಾಡಿದ್ದನ್ನು ಹ್ಯಾಕ್ ಆಗಿದೆ ಅಂತ ಬರೆಯಬೇಡಿ. ಇದ್ದದ್ದು ಇದ್ದ ಹಾಗೆ ಬರೆಯಿರಿ. ಪ್ರತಿ ಖರೀದಿಗೂ ಆರ್ಡರ್ ನಂಬರ್ ನಿಮ್ಮ ಇಮೇಲಿನಲ್ಲಿರುತ್ತದೆ.

ಕರಂಗಲ್ಪಾಡಿ_ಕಪ್ಪುಕೋಟು

ಇದಕ್ಕೆ ಸೇರಿಸಿ ಬರೆಯಿರಿ: 18 ತುಂಬದವರು ಮಾಡಿದ ಕರಾರು ಊರ್ಜಿತವೇ ಅಲ್ಲ. 1903ರ ಮೋಹೋರಿ ಬೀಬಿ ಕೇಸಿನಿಂದ ಇದು ಗಟ್ಟಿ. ಕಲ್ಕತ್ತಾದ ಒಬ್ಬ ಹುಡುಗ ಮನೆ ಅಡವಿಟ್ಟು ಸಾಲ ಮಾಡಿದ್ದು, ಕೊಟ್ಟವನಿಗೆ ಕೈಗೆ ಚಿಪ್ಪು. ಖಾತೆ ನಿಮ್ಮದು, ಪಿನ್ ನಿಮ್ಮದು ಅಂತ ಕಂಪನಿ ವಾದ ಮಾಡಬಹುದು. ಆದರೂ ಈ ಮಾತು ಇಮೇಲಿನಲ್ಲಿ ಇರಲಿ, ತೂಕ ಬರುತ್ತದೆ.

ಅಕೌಂಟ್ ಮಾತ್ರ ಮಾರಬೇಡಿ. ಆ 6,000 ಎಲ್ಲಿಂದ ಬರುತ್ತದೆ ನಿಮಗೆ ಗೊತ್ತಿಲ್ಲ. ಯಾರಿಗೋ ಮೋಸ ಮಾಡಿದ ದುಡ್ಡಾಗಿದ್ದರೆ, ಎಲ್ಲೋ ಉತ್ತರದ ಒಂದು ಠಾಣೆಯಿಂದ ನಿಮ್ಮ ಬ್ಯಾಂಕಿಗೆ ಪತ್ರ ಬಂದು ಖಾತೆ ಲಾಕ್ ಆಗುತ್ತದೆ. ಇಂಥ ನಾಲ್ಕು ಜನ ಈ ವರ್ಷ ನನ್ನ ಆಫೀಸಿನಲ್ಲಿ ಕೂತು ಅತ್ತಿದ್ದಾರೆ. ಅದರಲ್ಲಿ ಒಬ್ಬ ಕಾಲೇಜು ಹುಡುಗ, ಖಾತೆ ಬಾಡಿಗೆಗೆ ಕೊಟ್ಟಿದ್ದ.

ಹಳೆಯಂಗಡಿ_ಹುಡುಗ

ಮತ್ತೆ ಅಕ್ಕ, ಹುಡುಗನಿಗೆ ಹೊಡೆಯಬೇಡಿ. ನನಗೆ ಯಾರೂ ಹೊಡೆಯಲಿಲ್ಲ, ಅದಕ್ಕೇ ಹೇಳಲು ಸಾಧ್ಯವಾಯಿತು.

ಸುರತ್ಕಲ್_ಅಮ್ಮ

ಹದಿನೆಂಟು ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಆರ್ಡರ್ ನಂಬರ್ ಎಲ್ಲ ಮಗನ ಕೈಯಲ್ಲೇ ಬರೆಸಿದೆ. 61 ಖರೀದಿ. ಉದ್ದ ಪುಸ್ತಕದಲ್ಲಿ ಮೂರು ಪುಟ ಆಯಿತು. ನಲವತ್ತು ದಾಟುವಾಗ "ಇಷ್ಟು ಸಲ ಮಾಡಿದ್ದು ನಾನಾ?" ಅಂತ ಕೇಳಿದ. ಕಂಪನಿಗೆ ವಕೀಲರು ಹೇಳಿದ ಹಾಗೇ ಬರೆದೆವು. ಮೊದಲು ಆಗುವುದಿಲ್ಲ ಎಂದರು. ಎರಡನೇ ಸಲ ಬರೆದ ಮೇಲೆ 7,140 ರೂಪಾಯಿ ವಾಪಸ್ ಬಂತು. ಉಳಿದದ್ದಕ್ಕೆ ಕಾಯಿನ್ ಖರ್ಚಾಗಿದೆ ಎನ್ನುತ್ತಿದ್ದಾರೆ. ಈಗ ಗೇಮಿನಲ್ಲಿ ಅವನ ಕಾಯಿನ್ ಮೈನಸ್ ತೋರಿಸುತ್ತದಂತೆ. ಮೈನಸ್ ಕಾಯಿನ್ ಇದ್ದರೆ ಚಕ್ರ ತಿರುಗುವುದಿಲ್ಲ, ಅದೊಂದು ನೆಮ್ಮದಿ. ಅಕೌಂಟ್ ಮಾರಲಿಲ್ಲ.

ಯಜಮಾನರಿಗೂ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಬೈಯುತ್ತಾರೆ ಅಂತ ಕಾದೆ. ಹೋದ ಸಲ ರಜೆಗೆ ಊರಿಗೆ ಬಂದಾಗ ಕ್ರಿಕೆಟ್ ಟೀಮ್ ಕಟ್ಟುವ ಆಪ್‌ಗೆ ಅವರೂ 11,000 ಹಾಕಿದ್ದರಂತೆ.

ಬೊಂಡ_ಶರ್ಬತ್

ಅಕ್ಕ, ಪಿನ್ ಬದಲಿಸಿದಿರಾ?

ಸುರತ್ಕಲ್_ಅಮ್ಮ

ಬದಲಿಸಿದೆ. ಈ ಸಲ ಯಾವ ಗಾಡಿ ನಂಬರೂ ಅಲ್ಲ.

ರಥಬೀದಿ_ಮಾಮ

ಅದೆಲ್ಲ ಇರಲಿ. ಪಾಸ್‌ಬುಕ್ ಎಂಟ್ರಿ ಮೆಷಿನ್ ಸರಿ ಇರುವ ಬ್ರ್ಯಾಂಚ್ ಯಾವುದಮ್ಮ? ನಮ್ಮಲ್ಲಿ ಮೂರು ತಿಂಗಳಿಂದ ರಿಪೇರಿ ಅಂತ ಬೋರ್ಡ್ ನೇತಾಡುತ್ತಿದೆ.